ದೋಣಿ ನಿಲ್ಲುತ್ತಿದ್ದ ಊರು

ಬಂಟ್ವಾಳವನ್ನು ದಾಟಿ ಹೋದವರು ಬಹಳ, ಒಳಗೆ ಕಾಲಿಟ್ಟವರು ಕಡಿಮೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವ ಬಸ್ಸು ಮಂಗಳೂರು ಬಿಟ್ಟು ಸುಮಾರು 25 ಕಿಲೋಮೀಟರ್ ಬಂದಾಗ ಕಂಡಕ್ಟರ್ "ಬೀಸಿರೋಡ್, ಬೀಸಿರೋಡ್" ಎಂದು ಕೂಗುತ್ತಾನೆ. ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಬಂಟ್ವಾಳಕ್ಕೆ ತಿರುಗುವ ಜಾಗ, ಅಷ್ಟೆ. ಆದರೆ ತಾಲೂಕು ಕಚೇರಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ದೊಡ್ಡ ಅಂಗಡಿಗಳು ಎಲ್ಲ ಇರುವುದು ಈ ತಿರುವಿನಲ್ಲೇ. ಯಾವ ಊರಿಗೆ ತಿರುಗಬೇಕಿತ್ತೋ ಆ ಊರು ಇನ್ನೂ ಎರಡು ಮೂರು ಕಿಲೋಮೀಟರ್ ಆಚೆಗೆ, ನೇತ್ರಾವತಿಯ ಬಲದಂಡೆಯಲ್ಲಿ, ಒಂದು ಕಿರಿದಾದ ಪೇಟೆಬೀದಿಯ ಎರಡೂ ಬದಿಗೆ ಹಂಚಿನ ಮಾಡುಗಳನ್ನು ಹೊದ್ದು ಕೂತಿದೆ. ಚಾರ್ಮಾಡಿ ಕಡೆಗೆ ಹೋಗುವ ವಾಹನಗಳಿಗೂ ಈಗ ಬೈಪಾಸ್ ಇದೆ. ಪೇಟೆಯೊಳಗೆ ಬರಬೇಕಾದ ಅಗತ್ಯ ಯಾರಿಗೂ ಇಲ್ಲ.

ಅದು ನನ್ನ ಊರು. ನಾನು ಈಗ ಇರುವುದು ಚೆನ್ನೈನ ಪೋರೂರಿನಲ್ಲಿ. ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಯಾರಾದರೂ ಊರು ಯಾವುದೆಂದು ಕೇಳಿದರೆ ಮಂಗಳೂರು ಎನ್ನುತ್ತೇನೆ. ಬಂಟ್ವಾಳ ಎಂದರೆ ಮತ್ತೆ ನಾಲ್ಕು ಮಾತು ವಿವರಿಸಬೇಕಾಗುತ್ತದೆ. ಇವತ್ತು ಆ ನಾಲ್ಕು ಮಾತನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಕಳೆದ ಕೆಲವು ತಿಂಗಳಿಂದ ನನ್ನ ಮೇಜಿನ ಮೇಲೆ ಆ ಊರಿಗೆ ಸಂಬಂಧಪಟ್ಟ ಒಂದು ಕಾಗದ ಸಹಿಗಾಗಿ ಕಾಯುತ್ತಿದೆ.

ಮೊದಲು ಊರಿನ ವಿಷಯ. ಅಲ್ಲೇ ಏಕೆ ಒಂದು ಪೇಟೆ ಹುಟ್ಟಿತು? ಉತ್ತರ ಹೊಳೆಯಲ್ಲಿದೆ. ಕುದುರೆಮುಖದ ಕಡೆಯಿಂದ ಇಳಿದು ಬರುವ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರುತ್ತದೆ. ಅಲ್ಲಿಂದ ಪಡುವಣಕ್ಕೆ ಹರಿದು ಮಂಗಳೂರಿನ ತೆಂಕಣ ಬದಿಯಲ್ಲಿ ಕಡಲು ಸೇರುತ್ತದೆ. ರಸ್ತೆಗಳು ಹೆಸರಿಗೆ ಮಾತ್ರ ಇದ್ದ ಕಾಲದಲ್ಲಿ ಈ ಹೊಳೆಯೇ ಹೆದ್ದಾರಿ. ಕೆಳಗಿನ ಭಾಗದಲ್ಲಿ ಕಡಲಿನ ಉಬ್ಬರದ ನೆರವು, ಮೇಲೆ ಬಿದಿರ ಗಳದ ನೆರವು. ಸರಕು ತುಂಬಿದ ದೋಣಿ ಬಂಟ್ವಾಳದವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಬಂಡೆ, ಮರಳು, ತೆಳು ನೀರು. ಮಳೆಗಾಲದ ತುಂಬು ಹೊಳೆಯಲ್ಲಿ ಸಣ್ಣ ದೋಣಿಗಳು ಉಪ್ಪಿನಂಗಡಿಯವರೆಗೂ ಹೋಗುತ್ತಿದ್ದುದುಂಟು, ಆದರೆ ದೊಡ್ಡ ಸರಕು ಬಂಟ್ವಾಳದಲ್ಲಿ ಇಳಿಯಲೇಬೇಕು. ಅಲ್ಲಿಂದ ಎತ್ತಿನ ಗಾಡಿ, ಇಲ್ಲವೇ ಹೇರೆತ್ತು. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಮೂಡಿಗೆರೆ, ಚಿಕ್ಕಮಗಳೂರಿನ ಸೀಮೆ.

ಮೇಲಿಂದ ಇಳಿಯುತ್ತಿದ್ದುದು ಅಡಿಕೆ, ಕಾಳುಮೆಣಸು, ಏಲಕ್ಕಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಫಿ ತೋಟಗಳು ಹರಡಿದ ಮೇಲೆ ಚೀಲ ಚೀಲ ಕಾಫಿ. ಅದು ಬಂಟ್ವಾಳದಲ್ಲಿ ದೋಣಿ ಹತ್ತಿ ಮಂಗಳೂರಿನ ಕಾಫಿ ಹದಮಾಡುವ ಕಾರ್ಖಾನೆಗಳಿಗೆ, ಅಲ್ಲಿಂದ ಹಡಗಿಗೆ ಹೋಗುತ್ತಿತ್ತು. ಕೆಳಗಿಂದ ಹತ್ತುತ್ತಿದ್ದುದು ಉಪ್ಪು, ಒಣಮೀನು, ತೆಂಗಿನೆಣ್ಣೆ, ಬಟ್ಟೆ, ಆಮೇಲೆ ಸೀಮೆಎಣ್ಣೆ. ಉಪ್ಪಿನಂಗಡಿಯ ಹೆಸರಿನಲ್ಲೇ ಆ ಉಪ್ಪಿನ ಅಂಗಡಿ ಇವತ್ತಿಗೂ ಇದೆ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ದೋಣಿಗಳೂ ಹೊಳೆಗೆ ಬಂದವು. ನಮ್ಮ ಪೇಟೆಯ ಮಾಡುಗಳು ಹುಲ್ಲಿನಿಂದ ಹಂಚಿಗೆ ಬದಲಾದದ್ದು ಹಾಗೆ.

ದೋಣಿಯಿಂದ ಇಳಿಸಿ ಗಾಡಿಗೆ ಏರಿಸಬೇಕು ಎಂದರೆ ನಡುವೆ ಸರಕು ಒಂದೆರಡು ದಿನ ಕಾಯಬೇಕು. ಕಾಯಲು ಮಂಡಿ ಬೇಕು. ಅಳೆಯಲು, ತೂಗಲು, ಹೊರಲು ಆಳು ಬೇಕು. ಎತ್ತಿಗೆ ಹುಲ್ಲು, ಗಾಡಿಯವನಿಗೆ ಊಟ, ದೋಣಿಯವನಿಗೆ ಮಲಗುವ ಜಗಲಿ ಬೇಕು. ಸಾಲ ಕೊಡುವವರು, ಪತ್ರ ಬರೆಯುವವರು, ಜಗಳ ಬಿಡಿಸುವವರು ಬೇಕು. ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿ ಎಲ್ಲವೂ ಸುತ್ತ ಬಂದವು. ಕೊಂಕಣಿ, ತುಳು, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಬೀದಿಯಲ್ಲಿ ಚೌಕಾಸಿ ಮಾಡಿದವು. ಲೆಕ್ಕ ಬರೆಯುವುದು ಮಾತ್ರ ಕನ್ನಡದಲ್ಲಿ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಮಕ್ಕಳಿಗಾಗಿ ಅಷ್ಟು ಸಲೀಸಾದ ಕನ್ನಡ ಬರೆದವರು ಮನೆಯಲ್ಲಿ ಕೊಂಕಣಿ ಆಡುತ್ತಿದ್ದರು ಎಂದರೆ ಘಟ್ಟದ ಮೇಲಿನವರಿಗೆ ಆಶ್ಚರ್ಯವಾಗುತ್ತದೆ. ಬಂಟ್ವಾಳದವರಿಗೆ ಆಗುವುದಿಲ್ಲ.

ನಮ್ಮ ಮಂಡಿಯೂ ಈ ಬೀದಿಯಲ್ಲೇ ಇದೆ. ಮುತ್ತಜ್ಜ ಕಟ್ಟಿಸಿದ್ದು. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ಹೊಳೆಗೆ. ಬೀದಿಯ ಬಾಗಿಲಿಗೆ ಕೆತ್ತನೆ ಇದೆ, ಹಿಂದಿನದಕ್ಕೆ ಇಲ್ಲ, ಆದರೆ ಅಗಲ ಹಿಂದಿನದೇ ಜಾಸ್ತಿ. ಇಬ್ಬರು ಆಳುಗಳು ನಡುವೆ ಮೂಟೆ ಹಿಡಿದು ಅಡ್ಡಡ್ಡ ಬರುವಷ್ಟು ಅಗಲ. ಮಳೆಗಾಲದಲ್ಲಿ ಮಂಗಳೂರು ಬಂದರಿನ ಕಡಲ ವ್ಯಾಪಾರ ಮುಚ್ಚುತ್ತಿದ್ದುದರಿಂದ ಮಂಡಿಯೂ ಅರ್ಧ ಮುಚ್ಚುತ್ತಿತ್ತು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಯಾದರೆ ವರ್ಷ ಶುರು, ಮೇ ಕೊನೆಗೆ ಮೊದಲ ಗುಡುಗು ಕೇಳಿದರೆ ವರ್ಷ ಮುಗಿದಂತೆ.

ಆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಸರು ನನ್ನನ್ನು ಇಲ್ಲಿ ಕೂತು ಯೋಚನೆಗೆ ಹಚ್ಚುತ್ತದೆ: ಮದರಾಸು. ಸ್ಟಾಂಪು ಮದರಾಸಿನದು, ಕಾನೂನು ಮದರಾಸಿನದು, ಜಮೀನಿನ ವ್ಯಾಜ್ಯ ಹಟಕ್ಕೆ ಬಿದ್ದರೆ ಕೊನೆಯ ಅಪೀಲು ಮದರಾಸು ಹೈಕೋರ್ಟಿಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕೆನರಾ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನಲ್ಲೇ ಉಳಿಯಿತು. ನನ್ನ ಅಜ್ಜ ಬದುಕಿನ ಬಹುಪಾಲು ಮದರಾಸು ಪ್ರಾಂತ್ಯದ ಪ್ರಜೆ. ಒಮ್ಮೆಯೂ ಮದರಾಸು ನೋಡಲಿಲ್ಲ. ನಾನು ಮೌಂಟ್ ರೋಡಿನಲ್ಲಿ ಸೆಂಟ್ರಲ್ ನಿಲ್ದಾಣಕ್ಕೆ ಹೋಗುವಾಗಲೆಲ್ಲ ಐಲ್ಯಾಂಡ್ ಗ್ರೌಂಡ್ಸ್ ಬಳಿ ಮನ್ರೋ ಕುದುರೆ ಮೇಲೆ ಕೂತಿರುವುದು ಕಾಣುತ್ತದೆ. ಕೆನರಾದಲ್ಲಿ ಆತ ನಿಂತದ್ದು ಬಹಳ ಕಾಲವಲ್ಲ, 1800ರಲ್ಲೇ ರಾಯಲಸೀಮೆಯ ಕಡೆ ಹೋದ. ನಮ್ಮ ಮಳೆ ಆತನಿಗೆ ಹಿಡಿಸಿರಲಿಲ್ಲ.

ಕಂಪನಿ ಬಂದದ್ದರಿಂದ ಪೇಟೆಗೆ ಲಾಭವೂ ಆಯಿತು, ಪೇಟೆಯ ಮೇಲೆ ಸಿಟ್ಟೂ ಹುಟ್ಟಿತು. ಕೊಡಗಿನ ಅರಸರ ಕಾಲದಲ್ಲಿ ಸುಳ್ಯದ ಕಡೆಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. 1834ರಲ್ಲಿ ಆ ಸೀಮೆ ಕೆನರಾಕ್ಕೆ ಸೇರಿದ ಮೇಲೆ ನಗದು ಕೇಳಿದರು. ನಗದು ಎಲ್ಲಿಂದ ಬರಬೇಕು? ಭತ್ತವನ್ನು ಪೇಟೆಗೆ ತಂದು, ಪೇಟೆಯವರು ಹೇಳಿದ ಬೆಲೆಗೆ ಮಾರಿ ಬರಬೇಕು. ಉಪ್ಪು, ಹೊಗೆಸೊಪ್ಪಿನ ಮೇಲಿನ ಸರಕಾರದ ಹಿಡಿತ ಬೇರೆ. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ರೈತರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ, ಪಾಣೆಮಂಗಳೂರು ಬಂಟ್ವಾಳದ ದಾರಿಯಾಗಿ ಏಪ್ರಿಲ್ 5ರಂದು ಮಂಗಳೂರು ಸೇರಿ ಬಾವುಟ ಏರಿಸಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಶಾಲೆಯಲ್ಲಿ ನಾವು ಈ ಕತೆಯನ್ನು ಅಭಿಮಾನದಿಂದ ಹೇಳುತ್ತಿದ್ದೆವು. ಮನೆಯಲ್ಲಿ ಆ ಕತೆ ಬರುತ್ತಿರಲಿಲ್ಲ. ದಂಡು ಬಂದಾಗ ಬಾಗಿಲು ಹಾಕಿಕೊಂಡ ಬೀದಿಗಳು ನಮ್ಮಂಥವರವು. ನದೀತೀರದ ಹಳೆಯ ಪೇಟೆ ಎಂದೊಡನೆ ನಾವು ಕೆತ್ತನೆಯ ಬಾಗಿಲುಗಳ ಫೋಟೋ ಹಾಕಿ ನಿಟ್ಟುಸಿರು ಬಿಡುತ್ತೇವೆ. ಆ ಬಾಗಿಲಿನ ಮರಕ್ಕೆ ಹಣ ಎಲ್ಲಿಂದ ಬಂತು ಎಂಬ ಲೆಕ್ಕವೂ ಅದೇ ಪುಸ್ತಕಗಳಲ್ಲಿದೆ.

ಈಗ ಬೊಳ್ಳದ ವಿಷಯಕ್ಕೆ ಬರುತ್ತೇನೆ. ತುಳುವಿನಲ್ಲಿ ಬೊಳ್ಳ ಎಂದರೆ ನೆರೆ. 1923ರ ಆಗಸ್ಟ್ ತಿಂಗಳ ನೆರೆಗೆ ನಮ್ಮವರು ಇಟ್ಟ ಹೆಸರು ಮಾರಿಬೊಳ್ಳ. ಉಪ್ಪಿನಂಗಡಿಯಿಂದ ಕೆಳಗೆ ಪಾಣೆಮಂಗಳೂರು, ಬಂಟ್ವಾಳದವರೆಗೆ ಹೊಳೆಬದಿಯ ಪೇಟೆಗಳನ್ನು ಅದು ನುಂಗಿಹಾಕಿತು. ಸರಕು ತಂದ ಹೊಳೆಯೇ ಹಿಂದಿನ ಬಾಗಿಲಿನಿಂದ ಬಂದು ಮುಂದಿನ ಬಾಗಿಲಿನಿಂದ ಹೋಯಿತು ಎಂದು ಅಜ್ಜ ಹೇಳುತ್ತಿದ್ದರು. ಮಣ್ಣಿನ ಗೋಡೆಗಳು ಕರಗಿದವು, ಅಕ್ಕಿ, ಉಪ್ಪು, ಬೆಲ್ಲ ಎಲ್ಲ ಒಂದೇ ನೀರಾಯಿತು. ನಮ್ಮ ಮಂಡಿಯ ಕಲ್ಲಿನ ಗೋಡೆ ನಿಂತಿತು. ನೀರು ಇಳಿದ ಮೇಲೆ ಮುತ್ತಜ್ಜ ಮೊದಲು ಮಾಡಿದ ಕೆಲಸ, ನೀರು ನಿಂತ ಎತ್ತರಕ್ಕೆ ಉಳಿಯಿಂದ ಒಂದು ಗೆರೆ ಕೊರೆಸಿ ಕೆಳಗೆ ಇಸವಿ ಹಾಕಿಸಿದ್ದು. ನೆಲದಲ್ಲಿ ನಿಂತು ಕೈ ಎತ್ತಿದರೂ ನನಗೆ ಆ ಗೆರೆ ತಲುಪುವುದಿಲ್ಲ. 1974ರ ನೆರೆ ಬಂದಾಗ ಅಪ್ಪ ಇನ್ನೊಂದು ಗೆರೆ ಹಾಕಿಸಿದರು. ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿದ್ದುದರಿಂದ ಉಳಿದವು. ಕೆಲವಕ್ಕೆ ಅಂಚಿನಲ್ಲಿ ಕಂದು ಕಲೆ ಇದೆ.

ಊರು ಯಾವಾಗ ಹಾಳಾಯಿತು ಎಂದು ಬಂಟ್ವಾಳದಲ್ಲಿ ಯಾರನ್ನು ಕೇಳಿದರೂ ಮಾರಿಬೊಳ್ಳದಲ್ಲಿ ಎನ್ನುತ್ತಾರೆ. ನಾನೂ ಹಾಗೆ ಕೇಳುತ್ತಲೇ ಬೆಳೆದವನು. ಆದರೆ ನಮ್ಮ ಮನೆಯ ಪುಸ್ತಕಗಳು ಬೇರೆ ಮಾತು ಹೇಳುತ್ತವೆ. 1923ರ ದೀಪಾವಳಿಗೆ ಹೊಸ ಪುಸ್ತಕ ಶುರುವಾಗಿದೆ. ಮೊದಲ ಪುಟಗಳೆಲ್ಲ ಮರ, ಹಂಚು, ಸುಣ್ಣದ ಖರ್ಚು. ಆಮೇಲಿನ ಪುಟಗಳಲ್ಲಿ ವ್ಯಾಪಾರವೂ ಇದೆ. ನೆರೆಯ ನಂತರ ಪೇಟೆ ಮತ್ತೆ ಕಟ್ಟಿಕೊಂಡಿತು. ವ್ಯಾಪಾರಿಗೆ ನಷ್ಟ ಗೊತ್ತು, ಅದನ್ನು ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾನೆ. ಆದರೆ ವ್ಯಾಪಾರದ ಬಗೆ ನಿಧಾನವಾಗಿ ಬದಲಾಗಿದೆ. ದೋಣಿ ಬಾಡಿಗೆ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋಗಿ, ಅದರ ಜಾಗಕ್ಕೆ ಲಾರಿ ಬಾಡಿಗೆ ಬಂದಿದೆ. ಒಂದು ಹಂತದ ಮೇಲೆ ದೋಣಿ ಎಂಬ ಪದವೇ ಇಲ್ಲ.

ಅದಕ್ಕೆ ಕಾರಣಗಳು ನೆರೆಗಿಂತ ಮೊದಲೇ ಹೊರಟಿದ್ದವು. 1907ರಲ್ಲಿ ಮಲಬಾರ್ ಕಡೆಯಿಂದ ರೈಲು ಮಂಗಳೂರಿಗೆ ಬಂತು. 1910ರ ದಶಕದಲ್ಲಿ ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ನಮ್ಮ ಹಿರಿಯರ ಬಾಯಲ್ಲಿ ಸಿಪಿಸಿ, ಮೋಟಾರು ಬಸ್ಸುಗಳನ್ನು ಓಡಿಸತೊಡಗಿತು. ಮೊದಲ ಮಹಾಯುದ್ಧದ ಹೊತ್ತಿಗೆ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಉಕ್ಕಿನ ಸೇತುವೆ ಬಂತು. ಇವುಗಳಲ್ಲಿ ಒಂದೂ ಬಂಟ್ವಾಳಕ್ಕೆ ಕೇಡು ಬಗೆಯಲಿಲ್ಲ. ಸೇತುವೆ ಬಂದಾಗ ಪೇಟೆಯವರು ಖುಷಿಪಟ್ಟಿರಲೂಬಹುದು. ಆದರೆ ಮಂಗಳೂರಿನಲ್ಲಿ ಲಾರಿ ಹತ್ತಿದ ಉಪ್ಪಿನ ಮೂಟೆ ಬಂಟ್ವಾಳದಲ್ಲಿ ಇಳಿಯುವ ಕಾರಣ ಏನು? ಅದು ನೇರ ಘಾಟಿ ಹತ್ತುತ್ತದೆ. ಮೂಡಿಗೆರೆಯಲ್ಲಿ ಲಾರಿ ಹತ್ತಿದ ಕಾಫಿ ನೇರ ಮಂಗಳೂರಿನಲ್ಲಿ ಇಳಿಯುತ್ತದೆ. ನಿಲ್ಲಬೇಕಾದ ಅಗತ್ಯ ಹೋಯಿತು. ಅಗತ್ಯದ ಸುತ್ತ ಹುಟ್ಟಿದ ಮಂಡಿ, ಜಗಲಿ, ಹುಲ್ಲು, ಊಟ, ಸಾಲ ಎಲ್ಲ ಒಂದೊಂದಾಗಿ ಬಿ.ಸಿ.ರೋಡಿಗೆ ಹೋದವು, ಏಕೆಂದರೆ ಈಗ ಬಸ್ಸು ಬದಲಿಸಲು ನಿಲ್ಲಬೇಕಾದದ್ದು ಅಲ್ಲಿ. ನೆರೆ ಒಂದು ವಾರದಲ್ಲಿ ಬಂದು ಹೋಗುತ್ತದೆ, ಇಸವಿ ಬಿಟ್ಟು ಹೋಗುತ್ತದೆ. ದಾರಿ ಬದಲಾದದ್ದಕ್ಕೆ ಇಸವಿ ಇಲ್ಲ, ಗೆರೆ ಕೊರೆಯಲು ಗೋಡೆ ಇಲ್ಲ. ಅದಕ್ಕೇ ಎಲ್ಲ ತಪ್ಪನ್ನೂ ನಾವು ಮಾರಿಬೊಳ್ಳದ ಲೆಕ್ಕಕ್ಕೆ ಬರೆದಿದ್ದೇವೆ ಎಂದು ನನಗೆ ಅನ್ನಿಸುತ್ತದೆ.

ದಾರಿ ಊರನ್ನು ಮಾತ್ರವಲ್ಲ, ಮನುಷ್ಯರನ್ನೂ ತಿರುಗಿಸುತ್ತದೆ. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನಕ್ಕೆ ರೈಲು ಬಂದದ್ದು 1979ರಲ್ಲಿ. ಮದರಾಸಿನ ರೈಲಿಗೂ ಅದಕ್ಕೂ ನಡುವೆ ಎಪ್ಪತ್ತೆರಡು ವರ್ಷ. ಅಷ್ಟು ಕಾಲ ಕರಾವಳಿಯವನು ರೈಲು ಹತ್ತಿದರೆ ಮೈಸೂರಿಗಲ್ಲ, ಶೊರನೂರು ದಾಟಿ ಮದರಾಸಿಗೆ ಬಂದು ಇಳಿಯುತ್ತಿದ್ದ. ಓದಲು, ನೌಕರಿಗೆ, ಕೋರ್ಟಿಗೆ, ಹೋಟೆಲು ಇಡಲು. ನಾನು ಇಂಟರ್‌ವ್ಯೂಗೆ ಬಂದದ್ದೂ ಅದೇ ಮಂಗಳೂರು ಮೈಲಿನಲ್ಲಿ. ನಾನು ಕಂಪನಿ ಆರಿಸಿಕೊಂಡೆ ಎಂದುಕೊಂಡಿದ್ದೇನೆ, ಆದರೆ ಹಳಿಯನ್ನು 1907ರಲ್ಲೇ ಹಾಕಿಟ್ಟಿದ್ದರು.

ಪೋರೂರೂ ಒಂದು ಕೂಡುದಾರಿಯ ಊರು. ಆರ್ಕಾಟ್ ರಸ್ತೆ, ಮೌಂಟ್-ಪೂನಮಲ್ಲಿ ರಸ್ತೆ, ಕುಂಡ್ರತ್ತೂರು ರಸ್ತೆ ಮೂರೂ ಇಲ್ಲಿ ಸೇರುತ್ತವೆ. ನಾನು ಬಂದ ಹೊಸದರಲ್ಲಿ ಆ ಸರ್ಕಲ್ಲಿನಲ್ಲಿ ಬಸ್ಸುಗಳು ಕಾಲು ಗಂಟೆ ನಿಲ್ಲುತ್ತಿದ್ದವು. ಆ ಕಾಲು ಗಂಟೆಯನ್ನು ನಂಬಿ ಹೂವಿನವರು, ಹಣ್ಣಿನವರು, ಸುಂಡಲ್ ಮಾರುವವರು ಬದುಕುತ್ತಿದ್ದರು. 2017ರಲ್ಲಿ ಮೇಲ್ಸೇತುವೆ ಬಂತು. ಈಗ ತಲೆಯ ಮೇಲೆ ಮೆಟ್ರೋ ಕಂಬಗಳು. ಬೇಗ ಮನೆ ಸೇರುತ್ತೇನೆ, ಬೇಡ ಎನ್ನುವುದಿಲ್ಲ. ಆದರೆ ಮೇಲ್ಸೇತುವೆಯ ಮೇಲಿಂದ ಕೆಳಗಿನ ಅಂಗಡಿಸಾಲು ಕಂಡಾಗ ಬೈಪಾಸಿನಿಂದ ಬಂಟ್ವಾಳ ಕಂಡಂತೆ ಆಗುತ್ತದೆ.

ಇಲ್ಲಿಯೂ ಬೊಳ್ಳ ಬಂತು. 2015ರ ಡಿಸೆಂಬರ್ ಒಂದರ ರಾತ್ರಿ ಚೆಂಬರಂಬಾಕ್ಕಂ ಕೆರೆಯ ನೀರು ಅಡ್ಯಾರ್ ಹೊಳೆಗೆ ಬಿಟ್ಟು, ಪೋರೂರು ಕೆರೆಯೂ ತುಂಬಿ, ಮುಗಲಿವಾಕ್ಕಂ, ಮಣಪಾಕ್ಕಂ ಮುಳುಗಿದವು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರುಗಳ ಕಿಟಕಿಯ ಮಟ್ಟಕ್ಕೆ ನೀರು. ನೀರು ಇಳಿದ ಮೇಲೆ ಗೋಡೆಯಲ್ಲಿ ಕಂದು ಗೆರೆ ಉಳಿಯಿತು. ಪೊಂಗಲ್‌ಗೆ ಮೊದಲು ಬಣ್ಣ ಹೊಡೆದರು. ಬಣ್ಣ ಚೆನ್ನಾಗಿಯೇ ಇದೆ. ಆಮೇಲೆ ಫ್ಲ್ಯಾಟ್ ಕೊಂಡವರು ಕೆಲವರು, ಇಲ್ಲಿ ನೀರು ಬರುತ್ತದಾ ಎಂದು ನನ್ನನ್ನು ಕೇಳಿದ್ದಾರೆ. ತೋರಿಸಲು ಗೆರೆ ಇಲ್ಲ, ಬಾಯಲ್ಲೇ ಹೇಳಬೇಕು. ಹೊಳೆಯಿಂದ ಅನ್ನ ತಿಂದ ಪೇಟೆಯವರಿಗೆ ನೀರಿನ ಎತ್ತರ ಎಂದರೆ ಲೆಕ್ಕದ ಬಾಬತ್ತು, ಮುಂದಿನವನು ತಿಳಿದಿರಬೇಕಾದ ವಿಷಯ. ನಮಗೆ ಅದು ಫ್ಲ್ಯಾಟಿನ ಬೆಲೆ ಇಳಿಸುವ ಕಲೆ.

ಇನ್ನು ಆ ಕಾಗದ. ಮಂಡಿಯನ್ನು ಮಾರುವುದೆಂದು ಮನೆಯವರು ಮಾತಾಡಿದ್ದಾರೆ. ಹಕ್ಕುದಾರರು ಹನ್ನೊಂದು ಮಂದಿ. ಬಂಟ್ವಾಳದಲ್ಲಿ ಇರುವವರು ಇಬ್ಬರು. ಉಳಿದವರು ಬೆಂಗಳೂರು, ಮುಂಬಯಿ, ದುಬೈ, ಮತ್ತು ಪೋರೂರು. ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ಪ್ರತಿ ಮಳೆಗಾಲ ರಿಪೇರಿಯ ಖರ್ಚನ್ನು ದೊಡ್ಡಪ್ಪನ ಮಗ ಒಬ್ಬನೇ ಹೊರುತ್ತಿದ್ದಾನೆ. ನನ್ನ ಪಾಲಿಗೆ ಬರುವ ಹಣದಿಂದ ಇಲ್ಲಿಯ ಫ್ಲ್ಯಾಟಿನ ಸಾಲ ಮುಗಿಯುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದರೂ ಕಾಗದ ನಾಲ್ಕು ತಿಂಗಳು ಮೇಜಿನ ಮೇಲೇ ಇತ್ತು. ಹಂಪಿಯಂಥ ಊರನ್ನು ಸರಕಾರ ಕಾಯುತ್ತದೆ, ದೇವಸ್ಥಾನವನ್ನು ಭಕ್ತರು ಕಾಯುತ್ತಾರೆ. ಉಪ್ಪಿನ ಮಂಡಿಯನ್ನು ಯಾರು ಕಾಯಬೇಕು?

ಕೊನೆಗೆ ಅತ್ತೆಗೆ ಫೋನು ಮಾಡಿದೆ. ಎಂಬತ್ತಾರು ವರ್ಷ, ಇವತ್ತಿಗೂ ಬಂಟ್ವಾಳದಲ್ಲೇ ಇದ್ದಾರೆ, ಹನ್ನೊಂದು ಮಂದಿಯಲ್ಲಿ ಒಬ್ಬರು. ಅವರು ಬೇಡ ಎಂದರೆ ನಾನೂ ಬೇಡ ಎನ್ನಬಹುದೆಂಬ ಆಸೆ ಒಳಗಿತ್ತು. ಅತ್ತೆ ಹೇಳಿದ್ದು ಇಷ್ಟೇ: "ಅದು ಮನೆಯಲ್ಲ ಮಾರಾಯ, ಮಂಡಿ. ಬಂದದ್ದು ಒಂದೆರಡು ದಿನ ಇದ್ದು ಹೋಗಲಿ ಎಂದು ಕಟ್ಟಿದ್ದು. ನಾವೇ ಜಾಸ್ತಿ ದಿನ ಇದ್ದೆವು." ಸ್ವಲ್ಪ ಹೊತ್ತು ಬಿಟ್ಟು, "ಹೊಳೆಗೆ ಮಾತ್ರ ಯಾರ ಹೆಸರಿನ ಪಟ್ಟೆಯೂ ಇಲ್ಲ. ತೆಗೆದುಕೊಳ್ಳುವವನಿಗೆ ಅದೊಂದು ಹೇಳಿಬಿಡು" ಎಂದರು.

ಆ ಹೊಳೆಯಲ್ಲಿ ಈಗ ಸರಕಿನ ದೋಣಿ ಬರುವಂತಿಲ್ಲ. ಕೆಳಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಇದೆ, ಮಂಗಳೂರು ಕುಡಿಯುವ ನೀರು ಅಲ್ಲಿಂದ. ಒಂದು ಕಾಲಕ್ಕೆ ಉಪ್ಪು ಕಳುಹಿಸುತ್ತಿದ್ದ ಪಟ್ಟಣಕ್ಕೆ ಹೊಳೆ ಈಗ ಸಿಹಿನೀರು ಕಳುಹಿಸುತ್ತದೆ. ಮಳೆಗಾಲದಲ್ಲಿ ಬಂಟ್ವಾಳದವರು ಇವತ್ತಿಗೂ ಹಿಂಬಾಗಿಲಿನಿಂದ ನೀರಿನ ಮಟ್ಟ ನೋಡಿ ಮಲಗುತ್ತಾರೆ. ಹೊಳೆಗೂ ಊರಿಗೂ ಸಂಬಂಧ ಮುಗಿದಿಲ್ಲ, ವ್ಯಾಪಾರ ಮಾತ್ರ ಮುಗಿದಿದೆ.

ಸಹಿ ಮಾಡಿ ಕಳುಹಿಸುವಾಗ ದೊಡ್ಡಪ್ಪನ ಮಗನಿಗೆ ಎರಡು ಕೆಲಸ ಹೇಳಿದೆ. ಒಂದು, ಅಟ್ಟದಲ್ಲಿರುವ ಪುಸ್ತಕಗಳನ್ನು ರದ್ದಿಗೆ ಹಾಕದೆ ಒಣ ಪೆಟ್ಟಿಗೆಯಲ್ಲಿ ಇಡು, ನಾನು ಬಂದು ತರುತ್ತೇನೆ. ಇನ್ನೊಂದು, ಎರಡು ಗೆರೆಗಳ ಎತ್ತರವನ್ನೂ ಬೀದಿಯ ಮಟ್ಟದಿಂದ ಟೇಪು ಹಿಡಿದು ಅಳೆದು ಬರೆದು ಕೊಂಡುಕೊಳ್ಳುವವರ ಕೈಗೆ ಕೊಡು, ಹಳೆಯ ಗೋಡೆ ಉಳಿದರೂ ಉಳಿಯದಿದ್ದರೂ. ಆತ ಅಳೆದು ಕೊಟ್ಟನಂತೆ. ಅವರು ಕೆಳಗೆ ಗೋದಾಮು ಬೇಡ, ಕಂಬಗಳ ಮೇಲೆ ಕಟ್ಟುತ್ತೇವೆ ಎಂದರಂತೆ. ರಿಜಿಸ್ಟ್ರೇಶನ್ ದೀಪಾವಳಿ ಕಳೆದ ಮೇಲೆ. ಮೈಲಿಗೆ ಟಿಕೆಟ್ ಮಾಡಿಸಿದ್ದೇನೆ, ಹಿಂದೆ ಬರುವಾಗ ಪುಸ್ತಕಗಳ ಪೆಟ್ಟಿಗೆ ಇರುತ್ತದೆ ಎಂದು ಕೆಳಗಿನ ಬರ್ತ್ ಕೇಳಿದ್ದೇನೆ.